ಎರಡಿಂಚು ಮೇಲೆ, ಎರಡಿಂಚು ಆಚೆ

ಬೆಂಗಳೂರಿನಲ್ಲಿ ಫೋರ್ ಬೈ ಫೋರ್ ಗಾಡಿ ಕೊಂಡವರಿಗೆ ತಪ್ಪದೆ ಬರುವ ಕಾಯಿಲೆಯೊಂದಿದೆ. ಮೊದಲ ಸರ್ವಿಸ್ ಮುಗಿಯುವ ಹೊತ್ತಿಗೆ ಗಾಡಿ ಕುಳ್ಳಗೆ ಕಾಣತೊಡಗುತ್ತದೆ. ಶೋರೂಮಿನಲ್ಲಿ ಬಾಗಿಲ ಪಕ್ಕದ ಹಿಡಿಕೆಗೆ ನೇತುಬಿದ್ದು ಸೀಟು ಹತ್ತಿದ್ದ ಮನುಷ್ಯನೇ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇನ್ಯಾರದೋ ಥಾರ್ ತನ್ನದಕ್ಕಿಂತ ಎರಡಿಂಚು ಎತ್ತರಕ್ಕೆ ನಿಂತದ್ದನ್ನು ಕಂಡ ರಾತ್ರಿಯಿಂದ ನಿದ್ದೆಗೆಡುತ್ತಾನೆ. ಇಎಂಐ ಇನ್ನೂ ಆರು ವರ್ಷ ಬಾಕಿ ಇದೆ. ಆದರೆ ಎರಡಿಂಚಿನ ಕೊರತೆ ಇವತ್ತಿನದು.

ಕಂಪನಿಯವರು ಕೊಟ್ಟಿದ್ದೇನು ಕಮ್ಮಿಯಲ್ಲ. 2020ರ ಅಕ್ಟೋಬರಿನಲ್ಲಿ ಬಂದ ಮಹೀಂದ್ರಾ ಥಾರ್‌ನ ಹೊಟ್ಟೆಗೂ ನೆಲಕ್ಕೂ ನಡುವೆ 226 ಮಿಲಿಮೀಟರ್ ಜಾಗ. 650 ಮಿ.ಮೀ. ಆಳದ ನೀರನ್ನು ಅದು ಸಲೀಸಾಗಿ ದಾಟುತ್ತದೆ. 2023ರ ಜೂನಿನಲ್ಲಿ ಬಂದ ಮಾರುತಿಯ ಐದು ಬಾಗಿಲಿನ ಜಿಮ್ನಿಗೆ 210. ಇನ್ನು ಇವನ್ನು ಓಡಿಸುವ ಭೂಪ್ರದೇಶ ನೋಡಿ: ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆಯುಬ್ಬಿಗೆ ಗೊತ್ತುಮಾಡಿರುವ ಎತ್ತರ 10 ಸೆಂಟಿಮೀಟರ್. ನಮ್ಮ ಬಡಾವಣೆಯ ಹಿರಿಯ ನಾಗರಿಕರು ರಾತ್ರೋರಾತ್ರಿ ಉಳಿದ ಕಾಂಕ್ರೀಟಿನಲ್ಲಿ ಹಾಕಿಸಿಕೊಳ್ಳುವ ಉಬ್ಬುಗಳು ಯಾವ ಕಾಂಗ್ರೆಸ್ಸಿಗೂ ಬಗ್ಗುವುದಿಲ್ಲ, ನಿಜ. ಆದರೂ ಅವುಗಳ ಮೇಲೆ ಹಳೆಯ ಮಾರುತಿ ಆಲ್ಟೊಗಳು ಇಬ್ಬರು ಅತ್ತೆಯರನ್ನೂ ಒಂದು ಗ್ಯಾಸ್ ಸಿಲಿಂಡರನ್ನೂ ಹೊತ್ತು ದಿನಾ ದಾಟುತ್ತಿವೆ. ಸರ್ಕಾರದ ಕಣ್ಣಿನಲ್ಲೂ ಈ ಎತ್ತರ ಬಡವರ ಕಷ್ಟವೇನಲ್ಲ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಕೂತು, ನಾಲ್ಕು ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ಖಾಲಿ ಗಾಡಿಯ ಹೊಟ್ಟೆಯಡಿ 170 ಮಿ.ಮೀ. ಜಾಗ, ಈ ಮೂರೂ ಕೂಡಿಬಂದರೆ ಶೇ 22 ಸೆಸ್ ಎಂದು ಗೆರೆ ಎಳೆದಿತ್ತು. ಅಂದರೆ 170ರ ಆಚೆಗೆ ಐಷಾರಾಮ ಶುರು. ನಮ್ಮ ಕಥಾನಾಯಕ ಐಷಾರಾಮವನ್ನು ದಾಟಿ 56 ಮಿಲಿಮೀಟರ್ ಮುಂದೆ ನಿಂತಿದ್ದಾನೆ, ಮತ್ತು ಅಳುತ್ತಿದ್ದಾನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮೂರಿನಲ್ಲಿ ನೆಲ ನಿಜಕ್ಕೂ ಡೊಂಕಿದೆ ಎನ್ನುವುದೊಂದೇ ಇವನ ಪರವಾದ ವಾದ.

ಹಾಗಾಗಿ ಲಿಫ್ಟ್. ಸ್ಪ್ರಿಂಗಿನ ಮೇಲೆ ಬಿಲ್ಲೆ ಇಟ್ಟೋ, ಸ್ಪ್ರಿಂಗನ್ನೇ ಉದ್ದದ್ದು ತಂದು ಹಾಕಿಯೋ ಗಾಡಿಯ ಮೈಯನ್ನು ಎರಡಿಂಚು ಮೇಲೆತ್ತುವುದು. ಅರ್ಧ ದಿನದ ಕೆಲಸ. ಸಂಜೆ ಗಾಡಿ ಹೊರಬಂದಾಗ ಕಥಾನಾಯಕನ ಎದೆಯೂ ಅಷ್ಟೇ ಇಂಚು ಮೇಲೆದ್ದಿರುತ್ತದೆ. ಆ ಸಂಭ್ರಮದಲ್ಲಿ ಅವನಿಗೆ ಯಾರೂ ಹೇಳದ ಸಂಗತಿ ಒಂದಿದೆ. ಥಾರ್‌ನ ಹಿಂದಿನ ಆಕ್ಸಲ್, ಜಿಮ್ನಿಯ ಹಿಂದಿನದೂ ಮುಂದಿನದೂ, ಒಂದೇ ಗಟ್ಟಿ ದೂಲ. ಅದರ ನಡುವೆ ಡಿಫರೆನ್ಶಿಯಲ್ಲಿನ ಗುಂಡು ಜೋತುಬಿದ್ದಿರುತ್ತದೆ. ಕಲ್ಲಿಗೆ ಮೊದಲು ಬಡಿಯುವುದು ಆ ಗುಂಡೇ. ಸಸ್ಪೆನ್ಶನ್ ಎಷ್ಟೇ ಎತ್ತಿದರೂ ಆಕ್ಸಲ್ ಕೂತಿರುವುದು ಚಕ್ರದ ನಡುವಿನಲ್ಲಿ. ಟೈರು ದೊಡ್ಡದಾಗದ ಹೊರತು ಗುಂಡು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಮೇಲೆದ್ದದ್ದು ಬಾಡಿ, ಸೀಟು, ಸೀಟಿನ ಮೇಲಿನ ಮನುಷ್ಯ. ಇಷ್ಟಕ್ಕೂ ಮೇಲೇಳಬೇಕಾಗಿದ್ದದ್ದು ಅವನೇ ತಾನೆ.

ಮೊದಲ ಭಾನುವಾರ ನೈಸ್ ರಸ್ತೆಯಲ್ಲಿ ಲೇನ್ ಬದಲಿಸಿದಾಗ ಗಾಡಿ ವಾಲುತ್ತದೆ. ಮೊದಲೂ ಸ್ವಲ್ಪ ವಾಲುತ್ತಿತ್ತು, ಈಗ ವಾಲಿ, ಯೋಚಿಸಿ, ಆಮೇಲೆ ನೆಟ್ಟಗಾಗುತ್ತದೆ. ಹಿಂದಿನ ಸೀಟಿನ ಹೆಂಡತಿ ಏನೂ ಹೇಳುವುದಿಲ್ಲ. ಹಿಡಿಕೆ ಹಿಡಿದುಕೊಳ್ಳುತ್ತಾಳೆ. ಈ ಮೌನದ ಅರ್ಥ ತಿಳಿದವನಾದ್ದರಿಂದ ಸೋಮವಾರವೇ ಅವನು ಗ್ಯಾರೇಜಿಗೆ ಮರಳುತ್ತಾನೆ. ಅಲ್ಲಿ ಅವನಿಗಾಗಿ ಉತ್ತರ ಸಿದ್ಧವಿದೆ.

“ಸಾರ್, ಗಾಡಿ ಎತ್ರ ಆಯ್ತಲ್ಲ, ಈಗ ಅಗ್ಲ ಮಾಡ್ಬೇಕು. ಸ್ಪೇಸರ್ ಹಾಕ್ಬುಡಣ. ಸ್ಟೆಬಿಲಿಟಿನೂ ಬರತ್ತೆ, ಲುಕ್ಕೂ ಬರತ್ತೆ.”

ಸ್ಪೇಸರ್ ಎಂದರೆ ಆಕ್ಸಲ್ಲಿನ ತುದಿಯ ಹಬ್ಬಿಗೂ ಚಕ್ರಕ್ಕೂ ನಡುವೆ ಸಿಗಿಸುವ ಒಂದು ದಪ್ಪ ಲೋಹದ ಬಿಲ್ಲೆ. ಅದು ಎಷ್ಟು ದಪ್ಪವೋ ಚಕ್ರ ಅಷ್ಟು ಹೊರಗೆ ಹೋಗುತ್ತದೆ. ಇಷ್ಟೇ ಅದರ ಇಡೀ ಶಾಸ್ತ್ರ. ಇದರಲ್ಲಿ ಸುಳ್ಳೂ ಇಲ್ಲ, ಅದು ಗಮನಿಸಬೇಕಾದ ವಿಷಯ. ಗಾಡಿ ಉರುಳುವ ಅಪಾಯವನ್ನು ಅಳೆಯಲು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಬಳಸುವ ಒಂದು ಸರಳ ಲೆಕ್ಕವಿದೆ: ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು. ಲೆಕ್ಕಕ್ಕೆ ಸುಲಭವಾಗಲಿ ಎಂದು ಅಗಲ 1400 ಮಿ.ಮೀ., ಗುರುತ್ವ ಕೇಂದ್ರ 700 ಮಿ.ಮೀ. ಎಂದಿಟ್ಟುಕೊಳ್ಳಿ. ಉತ್ತರ 1. ಈಗ ಐವತ್ತು ಮಿಲಿಮೀಟರ್ ಎತ್ತಿ. 700ನ್ನು 750ರಿಂದ ಭಾಗಿಸಿದರೆ 0.93. ಗಾಡಿ ಮೊದಲಿಗಿಂತ ಸಲೀಸಾಗಿ ಮಗುಚುತ್ತದೆ ಎಂದರ್ಥ. ಈಗ ಒಂದೊಂದು ಬದಿಗೂ ಐವತ್ತು ಮಿಲಿಮೀಟರಿನ ಸ್ಪೇಸರ್ ಹಾಕಿ. ಅಗಲ 1500, ಅರ್ಧ 750. 750ನ್ನು 750ರಿಂದ ಭಾಗಿಸಿ. ಉತ್ತರ ಮತ್ತೆ 1.

ಆಕ್ಸಲ್ಲೂ ಚಕ್ರವೂ ಮೇಲೇಳದ್ದರಿಂದ ಗುರುತ್ವ ಕೇಂದ್ರ ನಿಜವಾಗಿ ಏರುವುದು ಐವತ್ತಕ್ಕಿಂತ ಸ್ವಲ್ಪ ಕಡಿಮೆ ಎಂದು ತಕರಾರು ತೆಗೆಯುವವರಿದ್ದೀರಿ. ಒಪ್ಪಿದೆ. ಆದರೆ ನಾನು ಹೇಳಹೊರಟಿದ್ದು ಬೇರೆ. ಲಿಫ್ಟಿಗೊಂದು ಬಿಲ್ಲು, ಸ್ಪೇಸರಿಗೊಂದು ಬಿಲ್ಲು, ಎರಡೂ ಕಟ್ಟಿ ಮನುಷ್ಯ ಬಂದು ತಲುಪಿದ್ದು ಕಂಪನಿಯವರು ಕೀಲಿಕೈ ಕೊಟ್ಟ ದಿನ ಎಲ್ಲಿದ್ದನೋ ಅಲ್ಲಿಗೆ. ಅದೂ ಪುಕ್ಕಟೆ ಸಿಕ್ಕಿದ್ದ ಅಂಕ.

ಈ ಲೆಕ್ಕ ಜಪಾನಿನ ಸುಜುಕಿಯವರಿಗೆ ದುಬಾರಿಯಾಗಿಯೇ ಅರ್ಥವಾಗಿತ್ತು. ನಮ್ಮ ಮಾರುತಿ ಜಿಪ್ಸಿಯ ಅಮೆರಿಕದ ಸೋದರ ಸುಜುಕಿ ಸಮುರಾಯ್. 1988ರಲ್ಲಿ ಅಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಅದು ತಿರುವಿನಲ್ಲಿ ಮಗುಚುತ್ತದೆ, ಕೊಳ್ಳಲು ಯೋಗ್ಯವಲ್ಲ ಎಂದು ಬರೆದದ್ದೇ ತಡ, ಮಾರಾಟ ಕುಸಿದುಬಿತ್ತು. ಕಂಪನಿ ಕೋರ್ಟಿಗೆ ಹೋಯಿತು, ವ್ಯಾಜ್ಯ ರಾಜಿಯಲ್ಲಿ ಮುಗಿಯಲು 2004 ಬರಬೇಕಾಯಿತು. ಇತ್ತ 1985ರ ಡಿಸೆಂಬರಿನಲ್ಲಿ ರಸ್ತೆಗಿಳಿದಿದ್ದ ಜಿಪ್ಸಿಗೆ 1993ರಲ್ಲಿ ಮಾರುತಿಯವರು ಸದ್ದಿಲ್ಲದೆ 90 ಮಿಲಿಮೀಟರ್ ಅಗಲ ಸೇರಿಸಿದರು. ವೈಡ್ ಟ್ರ್ಯಾಕ್ ಎಂದು ಅದನ್ನು ಮಾರಿದರು. ಒಂದೊಂದು ಬದಿಗೆ 45. ನಮ್ಮ ಗ್ಯಾರೇಜಿನ ಸಲಹೆಗೂ ಸುಜುಕಿಯ ಎಂಜಿನಿಯರುಗಳ ತೀರ್ಮಾನಕ್ಕೂ ನಡುವೆ ವ್ಯತ್ಯಾಸ ಐದೇ ಮಿಲಿಮೀಟರ್! ಗ್ಯಾರೇಜಿನವರು ಇದನ್ನು ತಿಳಿದರೆ ಬೋರ್ಡಿನ ಮೇಲೆ ಬರೆಸಿಯಾರು. ಆದರೆ ಜಿಪ್ಸಿಯ ಅಗಲ ಬಂದದ್ದು ಕಾರ್ಖಾನೆಯಲ್ಲಿ, ಗಾಡಿಯ ಅಡಿಭಾಗವೆಲ್ಲ ಅದಕ್ಕೆ ಹೊಂದಿಕೊಂಡು. ನಮ್ಮ ಕಥಾನಾಯಕನ ಅಗಲ ಬರುವುದು ಲೇತ್ ಅಂಗಡಿಯಲ್ಲಿ, ಊಟದ ಹೊತ್ತಿನೊಳಗೆ.

ಸ್ಪೇಸರಿನಲ್ಲೂ ಜಾತಿಗಳಿವೆ. ಒಳ್ಳೆಯದು ಒಂದೇ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದದ್ದು. ಹಬ್ಬಿನ ನಡುಗುಬಟಿಗೆ ಅದರ ತೂತು ಸರಿಯಾಗಿ ಕೂರುತ್ತದೆ, ಚಕ್ರ ಕೂರಲು ಅದಕ್ಕೂ ಅಂಥದೇ ಗುಬಟಿ ಇರುತ್ತದೆ. ಹಬ್ಬಿನಿಂದ ಚಾಚಿದ ತಿರುಪುಕಡ್ಡಿಗಳಿಗೆ, ಅಂದರೆ ಸ್ಟಡ್ಡುಗಳಿಗೆ, ಅದನ್ನು ನಟ್ಟಿನಿಂದ ಬಿಗಿಯಬೇಕು, ಅದರದೇ ಸ್ಟಡ್ಡುಗಳಿಗೆ ಚಕ್ರವನ್ನು ಬಿಗಿಯಬೇಕು. ಅಗ್ಗದ್ದಕ್ಕೆ ಇವೆಲ್ಲ ಮಡಿ ಇಲ್ಲ. ಜಿಮ್ನಿಯ ಹಬ್ಬಿನ ಗುಬಟಿ 108 ಮಿ.ಮೀ., ಲೇತಿನವನ ಕೈಯಲ್ಲಿ ತೂತು 110 ಆಗುತ್ತದೆ. ಎರಡು ಮಿಲಿಮೀಟರ್ ಹೆಚ್ಚೇ ಕೊಟ್ಟಿದ್ದೇನೆ ಎಂದು ಅವನು ಧಾರಾಳ ಮೆರೆಯುತ್ತಾನೆ. ಆ ಧಾರಾಳ 80 ಕಿಲೋಮೀಟರ್ ವೇಗದಲ್ಲಿ ಸ್ಟೇರಿಂಗಿನ ಮೂಲಕ ಕೈಗೆ ನಡುಕವಾಗಿ ತಲುಪುತ್ತದೆ. ಅದಕ್ಕೂ ಅಗ್ಗದ್ದು ಬರೀ ತಟ್ಟೆ. ಸ್ಟಡ್ಡಿಗೆ ತೂರಿಸಿ ಮೇಲೆ ಚಕ್ರ ಇಟ್ಟು ಹಳೆಯ ನಟ್ಟನ್ನೇ ತಿರುಗಿಸುವುದು. ತಟ್ಟೆ ತಿಂದಷ್ಟು ತಿರುಪಿನ ಮರೆ ನಟ್ಟಿಗೆ ಸಿಗುವುದಿಲ್ಲ. ಸ್ಟಡ್ಡು 12 ಮಿ.ಮೀ. ದಪ್ಪವಿದ್ದರೆ ನಟ್ಟು ಕನಿಷ್ಠ 12 ಮಿ.ಮೀ. ಒಳಗೆ ಕಚ್ಚಿರಬೇಕು ಎಂಬುದು ಹಳೆಯ ನಿಯಮ. ಒಂದೂಕಾಲು ಮಿಲಿಮೀಟರಿನ ಮರೆಯಾದರೆ ಸುಮಾರು ಒಂಬತ್ತೂವರೆ ಸುತ್ತು. ಐದೇ ಸುತ್ತಿಗೆ ನಟ್ಟು ನಿಂತರೆ ‘ಟೈಟ್ ಆಯ್ತು ಸಾರ್’ ಎನ್ನುವುದು ಸುಳ್ಳಲ್ಲ. ಆಯುಷ್ಯದ ಬಗ್ಗೆ ಅವನು ಏನೂ ಹೇಳಿಲ್ಲವಲ್ಲ.

ಇನ್ನೊಂದು ಪ್ರಸಂಗವಿದೆ. ಸ್ಪೇಸರ್ ತೆಳ್ಳಗಿದ್ದು ಹಬ್ಬಿನ ಮೂಲ ಸ್ಟಡ್ಡುಗಳೇ ಅದರಿಂದ ಹೊರಗೆ ಇಣುಕುತ್ತಿದ್ದರೆ ಚಕ್ರ ಸಮ ಕೂರುವುದಿಲ್ಲ. ಸರಿಯಾದ ಅಳತೆಯ ಸ್ಪೇಸರ್ ತರುವುದು ಒಂದು ದಾರಿ. ಗ್ರೈಂಡರ್ ತಂದು ಸ್ಟಡ್ಡಿನ ತುದಿ ಕತ್ತರಿಸುವುದು ಇನ್ನೊಂದು. ಕಿಡಿ ಹಾರುವ ಕೆಲಸವನ್ನು ನಿಂತು ನೋಡುವ ಖುಷಿ ಮೊದಲನೆಯ ದಾರಿಯಲ್ಲಿ ಇಲ್ಲ. ಹೀಗಾಗಿ ಹಲವರು ಎರಡನೆಯದನ್ನೇ ಹಿಡಿಯುತ್ತಾರೆ, ಮತ್ತು ಅದರ ವಿಡಿಯೊವನ್ನು ಹಿನ್ನೆಲೆ ಸಂಗೀತದ ಜೊತೆ ಸ್ಟೇಟಸ್ಸಿಗೆ ಹಾಕುತ್ತಾರೆ.

ಈಗ ನಟ್ಟುಗಳ ಗಣತಿ. ಗಾಡಿ ಕಾರ್ಖಾನೆಯಿಂದ ಬಂದಾಗ ಚಕ್ರಕ್ಕೆ ಐದರಂತೆ ಇಪ್ಪತ್ತು ನಟ್ಟು. ಬಿಗಿಯುವ ಸ್ಪೇಸರ್ ಹಾಕಿದ ಮೇಲೆ ನಲವತ್ತು. ಹೊರಗಿನ ಇಪ್ಪತ್ತು ಲೋಕಕ್ಕೆಲ್ಲ ಕಾಣುತ್ತವೆ. ಒಳಗಿನ ಇಪ್ಪತ್ತು ಚಕ್ರದ ಹಿಂದೆ, ಸ್ಪೇಸರಿನ ಹೊಂಡದೊಳಗೆ ಅಜ್ಞಾತವಾಸದಲ್ಲಿವೆ. ಗಾಡಿ ಮತ್ತು ರಸ್ತೆಯ ನಡುವಿನ ಎಲ್ಲ ಸಂಬಂಧ ಈಗ ಆ ಕಾಣದ ಇಪ್ಪತ್ತನ್ನು ನೆಚ್ಚಿಕೊಂಡಿದೆ. ಹೊಸದಾಗಿ ಬಿಗಿದ ನಟ್ಟು ನೂರು ಕಿಲೋಮೀಟರ್ ಓಡುವುದರೊಳಗೆ ಲೋಹ ಲೋಹಕ್ಕೆ ಒಗ್ಗಿ ಕೊಂಚ ಸಡಿಲಬಹುದು, ಹಾಗಾಗಿ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿದು ನೋಡಬೇಕು ಎಂದು ಸ್ಪೇಸರಿನ ಡಬ್ಬಿಯಲ್ಲೇ ಚೀಟಿ ಇರುತ್ತದೆ. ನೋಡಬೇಕಾದರೆ ಗಾಡಿಗೆ ಜಾಕಿ ಕೊಟ್ಟು, ನಾಲ್ಕೂ ಚಕ್ರ ಬಿಚ್ಚಿ, ಒಳಗಿನವನ್ನು ಬಿಗಿದು, ಮತ್ತೆ ಚಕ್ರ ಹಾಕಿ, ಹೊರಗಿನವನ್ನು ಬಿಗಿಯಬೇಕು. ಆ ಚೀಟಿಯನ್ನು ಓದಿದವರನ್ನು ನಾನು ಕಂಡಿಲ್ಲ. ಅದರಲ್ಲಿ ಸುತ್ತಿದ ಬೋಂಡ ತಿಂದವರನ್ನು ಕಂಡಿದ್ದೇನೆ.

12 ಮಿ.ಮೀ. ಸ್ಟಡ್ಡಿಗೆ ಸಾಮಾನ್ಯವಾಗಿ ಬೇಕಾದ ಬಿಗಿ 100 ನ್ಯೂಟನ್ ಮೀಟರಿನ ಆಸುಪಾಸು. ಪಂಚರ್ ಅಂಗಡಿಯಲ್ಲಿ ಇರುವುದು ಏರ್ ಗನ್. ಅದಕ್ಕೆ ತಿಳಿದಿರುವುದು ಒಂದೇ ಅಳತೆ, ಢರ್ರ್ ಎಂಬ ಶಬ್ದ. ಶಬ್ದ ನಿಂತರೆ ಬಿಗಿಯಾಯಿತು. ಸಮಾಧಾನಕ್ಕೆ ಹುಡುಗ ಪಾನಾದ ಮೇಲೆ ಹತ್ತಿ ಎರಡು ಸಲ ಕುಪ್ಪಳಿಸುತ್ತಾನೆ. ಹುಡುಗನ ತೂಕದ ಮೇಲೆ ಟಾರ್ಕು. ದೀಪಾವಳಿಯ ನಂತರ ಬಿಗಿಸಿದರೆ ಒಂದು ಲೆಕ್ಕ, ಶ್ರಾವಣದ ಉಪವಾಸದಲ್ಲಿ ಇನ್ನೊಂದು. ಕಡಿಮೆ ಬಿಗಿದರೆ ನಟ್ಟು ಸಡಿಲುತ್ತದೆ. ಹೆಚ್ಚು ಬಿಗಿದರೆ ಸ್ಟಡ್ಡು ಎಳೆದುಕೊಂಡು ಆಯಾಸಗೊಂಡು ಒಂದು ದಿನ ತುಂಡಾಗುತ್ತದೆ. ಎರಡರ ಫಲವೂ ಒಂದೇ. ಎಡಗಡೆ ಒಂದು ಚಕ್ರ ತಮ್ಮ ಗಾಡಿಯನ್ನೇ ಓವರ್‌ಟೇಕ್ ಮಾಡಿಕೊಂಡು ಹೋಗುವುದನ್ನು ಮಾಲೀಕರು ಮೊದಲ ಕೆಲವು ಕ್ಷಣ ಬೇರೆಯವರದೆಂದೇ ನೋಡುತ್ತಾರಂತೆ.

ಚಕ್ರ ಕಳಚದೆ ಉಳಿದರೂ ಸ್ಪೇಸರ್ ತನ್ನ ಕೆಲಸ ಬಿಡುವುದಿಲ್ಲ. ಮುಂದಿನ ಚಕ್ರ ತಿರುಗುವ ಅಕ್ಷರೇಖೆ ನೆಲ ಮುಟ್ಟುವ ಜಾಗಕ್ಕೂ ಟೈರು ನೆಲ ಮುಟ್ಟುವ ನಡುಬಿಂದುವಿಗೂ ನಡುವೆ ಒಂದು ಅಂತರವಿದೆ. ವಿನ್ಯಾಸಕಾರರು ಅದನ್ನು ಬೆವರು ಸುರಿಸಿ ಸಣ್ಣದಾಗಿಟ್ಟಿರುತ್ತಾರೆ. ಸ್ಪೇಸರ್ ತನ್ನ ದಪ್ಪವನ್ನು ಇಡಿಯಾಗಿ ಅದಕ್ಕೆ ಸೇರಿಸುತ್ತದೆ. ಆಮೇಲೆ ಬಲಚಕ್ರ ಗುಂಡಿಗೆ ಬಿದ್ದರೆ ಸ್ಟೇರಿಂಗು ಕೈ ತಿರುವುತ್ತದೆ. ಬೆಂಗಳೂರಿನಲ್ಲಿ ಬಲಚಕ್ರ ಗುಂಡಿಗೆ ಬೀಳುವುದು ಅಪರೂಪ ಎನ್ನುವವರು ಈ ಪ್ಯಾರಾವನ್ನು ಬಿಟ್ಟು ಮುಂದೆ ಹೋಗಬಹುದು. ಬೇರಿಂಗಿನ ಕಥೆ ಬೇರೆ. ಒಂದು ಚಕ್ರದ ಮೇಲೆ 300 ಕಿಲೋ ಭಾರ ಕೂತಿದ್ದರೆ ಐವತ್ತು ಮಿಲಿಮೀಟರ್ ಹೊರಗೆ ತಳ್ಳಿದ ಮಾತ್ರಕ್ಕೆ ಬೇರಿಂಗಿನ ಮೇಲೆ ಹೆಚ್ಚುವರಿ ತಿರುಚು ಬಲ ಸುಮಾರು 147 ನ್ಯೂಟನ್ ಮೀಟರ್, ಅದೂ ಗಾಡಿ ನಿಂತಿದ್ದಾಗ. ಮನೆ ಮುಂದೆ ನಿಂತ ಗಾಡಿಯ ಬೇರಿಂಗಿಗೂ ವಿಶ್ರಾಂತಿ ಇಲ್ಲ.

ಆಮೇಲೆ ಕೆಸರು. ಮಡ್‌ಗಾರ್ಡ್ ಎಂಬ ತಗಡನ್ನು ಚಕ್ರದ ಮೇಲೆ ಇಟ್ಟಿರುವುದಕ್ಕೆ ಕಾರಣವಿತ್ತು. ಚಕ್ರ ಅದರ ನೆರಳಿನಿಂದ ಆಚೆ ಬಂದ ಮೊದಲ ಮಳೆಗೇ ಆ ಕಾರಣ ಬಾಗಿಲು, ಗಾಜು, ಕನ್ನಡಿ, ಪಕ್ಕದ ಸ್ಕೂಟರಿನವರ ಬಿಳಿ ಅಂಗಿ, ಎಲ್ಲದರ ಮೇಲೂ ಬರೆದುಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಇದಕ್ಕೂ ಔಷಧಿ ಇದೆ, ಫ್ಲೇರ್ ಎಂಬ ಪ್ಲಾಸ್ಟಿಕ್ ಚಾಚು. ಅದನ್ನು ಕೂರಿಸಲು ಹೊಸ ಗಾಡಿಯ ಬಣ್ಣದ ತಗಡಿಗೆ ಡ್ರಿಲ್ ಹಾಕಿ ರಿವೆಟ್ ಹೊಡೆಯಬೇಕು. ಹೊಡೆದ ತೂತಿನಲ್ಲಿ ಮುಂದಿನ ಮಳೆಗಾಲಕ್ಕೆ ತುಕ್ಕು. ಹೊರಗೆ ಬಂದ ಚಕ್ರ ಸ್ಟೇರಿಂಗು ಪೂರ್ತಿ ತಿರುಗಿಸಿದಾಗ ದೊಡ್ಡ ವೃತ್ತ ಬರೆಯುತ್ತದಾದ್ದರಿಂದ ಬಂಪರಿನ ಮೂಲೆಗೆ ಉಜ್ಜುತ್ತದೆ. ಮತ್ತೆ ಗ್ರೈಂಡರ್. ಬಂಪರ್ ಕತ್ತರಿಸಿದ ಮೇಲೆ ಚೆನ್ನಾಗಿ ಕಾಣದ್ದರಿಂದ ಉಕ್ಕಿನ ಬಂಪರ್. ಉಕ್ಕಿನ ಬಂಪರಿನ ಭಾರಕ್ಕೆ ಮುಂದಿನ ಸ್ಪ್ರಿಂಗು ಕುಸಿದು, ಎರಡಿಂಚು ಎತ್ತಿದ್ದರಲ್ಲಿ ಅರ್ಧ ಇಂಚು ಸದ್ದಿಲ್ಲದೆ ವಾಪಸು. ಮತ್ತೆ ಲಿಫ್ಟು. ಕೈಸಾಲ ತೀರಿಸಲು ಚೀಟಿ ಎತ್ತಿ, ಚೀಟಿ ಕಟ್ಟಲು ಒಡವೆ ಅಡವಿಟ್ಟವರಿಗೆ ಈ ವ್ಯವಹಾರದ ವಿವರಣೆ ಬೇಕಿಲ್ಲ.

ಸ್ಪೇಸರ್ ಎಂದರೆ ಮೂಗು ಮುರಿಯುವ ಒಂದು ಮೇಲ್ವರ್ಗವೂ ಇದೆ. “ಛೆ, ಸ್ಪೇಸರ್ ಯಾರ್ ಹಾಕ್ತಾರೆ? ಬೇರಿಂಗ್ ಹೋಗತ್ತೆ” ಎನ್ನುತ್ತ ಇವರು ಲಕ್ಷದ ಹತ್ತಿರದ ಅಲಾಯ್ ರಿಮ್ಮು ತರಿಸುತ್ತಾರೆ. ಆ ರಿಮ್ಮಿನ ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ, ಎಷ್ಟು ಎಂದು ಕೇಳಿ. ಚಕ್ರವನ್ನು ಹೊರಗೆ ತಳ್ಳಲೆಂದೇ ಮಾಡಿದ ರಿಮ್ಮು ಅದು. ಆಫ್‌ಸೆಟ್ ಐವತ್ತು ಮಿಲಿಮೀಟರ್ ಕಡಿಮೆಯಾದರೂ ಒಂದೇ, ಐವತ್ತು ಮಿಲಿಮೀಟರಿನ ಸ್ಪೇಸರ್ ಹಾಕಿದರೂ ಒಂದೇ, ಬೇರಿಂಗಿನ ಮೇಲೆ ಬೀಳುವ ಭಾರದಲ್ಲಿ ಭೇದವಿಲ್ಲ. ಬೇರಿಂಗಿಗೆ ಬಿಲ್ಲು ಓದಲು ಬರುವುದಿಲ್ಲ. ಇವರ ಪರವಾಗಿ ಹೇಳಬಹುದಾದ ಒಂದೇ ಮಾತೆಂದರೆ ಇವರ ನಟ್ಟುಗಳು ಇಪ್ಪತ್ತಾಗಿಯೇ ಉಳಿದಿವೆ. ಅದು ಸಣ್ಣ ಮಾತಲ್ಲ, ಆದರೆ ಇವರು ಮೆರೆಯುವುದು ಆ ಕಾರಣಕ್ಕಲ್ಲ.

ನ್ಯಾಯವಾಗಿ ನೋಡಿದರೆ ಈ ಬಿಲ್ಲೆಯದೇನೂ ತಪ್ಪಿಲ್ಲ. ದಪ್ಪ ಟೈರು ಹಾಕಿ ಕೆಸರಿಗೂ ಬಂಡೆಗೂ ಇಳಿಯುವವರಿಗೆ ಚಕ್ರ ತಿರುಗಿಸಿದಾಗ ಟೈರಿನ ಒಳಮೈ ಸಸ್ಪೆನ್ಶನ್ನಿನ ತೋಳಿಗೆ ಉಜ್ಜುತ್ತದೆ, ಅಲ್ಲಿ ಒಂದಿಂಚಿನ ಒಳ್ಳೆಯ ಸ್ಪೇಸರ್ ಕಾಪಾಡುತ್ತದೆ. ಗುಡ್ಡದ ಅಡ್ಡ ಇಳಿಜಾರಿನಲ್ಲಿ ಹೋಗುವಾಗ ಅಗಲದ ಒಂದೊಂದು ಬೆರಳೂ ಪ್ರಾಣಕ್ಕೆ ಸಮ. ಅಂಥವರು ಪ್ರತಿ ಸಲ ಇಳಿಯುವ ಮೊದಲು ನಲವತ್ತೂ ನಟ್ಟು ಮುಟ್ಟಿ ನೋಡುತ್ತಾರೆ, ಬೇರಿಂಗು ಹೋದರೆ ತಾವೇ ಬದಲಿಸುತ್ತಾರೆ, ಯಾರ ಮುಂದೆಯೂ ಅಳುವುದಿಲ್ಲ. ಇನ್ನು ನಮ್ಮ ರೈತರು ಈ ವಿದ್ಯೆಯನ್ನು ಯಾವತ್ತಿನಿಂದಲೂ ಬಲ್ಲರು. ಟ್ರ್ಯಾಕ್ಟರಿನ ಹಿಂದಿನ ಚಕ್ರದ ರಿಮ್ಮನ್ನೂ ಡಿಸ್ಕನ್ನೂ ತಿರುವಿ ಹಾಕಿ ಎರಡು ಚಕ್ರಗಳ ಅಂತರವನ್ನು ಬೆಳೆಯ ಸಾಲಿಗೆ ತಕ್ಕಂತೆ ಅಗಲ ಕಿರಿದು ಮಾಡಿಕೊಳ್ಳಬಹುದು. ಹಾಗೆಂದೇ ಅದನ್ನು ಕಾರ್ಖಾನೆಯಲ್ಲಿ ವಿನ್ಯಾಸ ಮಾಡಿದ್ದಾರೆ. ಹತ್ತಿಯ ಸಾಲಿಗೆ ಒಂದು ಅಗಲ, ಕಬ್ಬಿಗೆ ಇನ್ನೊಂದು. ಯಾವ ರೈತನೂ ಅಗಲ ಮಾಡಿದ ಟ್ರ್ಯಾಕ್ಟರಿನ ಮುಂದೆ ಕೈಕಟ್ಟಿ ನಿಂತು ಫೋಟೊ ತೆಗೆಸಿಕೊಂಡದ್ದು ನನಗೆ ತಿಳಿದಿಲ್ಲ.

ಕಾನೂನು ಏನೆನ್ನುತ್ತದೆ? ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ ಕಂಪನಿಯವರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಸೇರಿಸಿದರು. ಒಂದೊಂದು ಮಾರ್ಪಾಡಿಗೆ! ನಾಲ್ಕು ಸ್ಪೇಸರ್ ಎಂದರೆ ಮಾರ್ಪಾಡು ಒಂದೋ ನಾಲ್ಕೋ? ಈ ಪ್ರಶ್ನೆಯನ್ನು ನಾನು ವಕೀಲರಿಗೆ ಬಿಡುತ್ತೇನೆ. ಗ್ಯಾರೇಜಿನವರು ಆಗಲೇ ಇತ್ಯರ್ಥ ಮಾಡಿಬಿಟ್ಟಿದ್ದಾರೆ: “ಆರ್‌ಸಿನಲ್ಲಿ ವ್ಹೀಲ್‌ಬೇಸ್ ಅಂತ ಬರ್ದಿರ್ತಾರೆ ಸಾರ್, ಅದು ಮುಂದಿನ ವ್ಹೀಲಿಂದ ಹಿಂದಿನ ವ್ಹೀಲಿಗೆ. ನಾವ್ ಮಾಡಿದ್ದು ಸೈಡಿಗೆ.” ಐದು ವರ್ಷ ಕಾನೂನು ಓದಿದವರಿಗೂ ಹೊಳೆಯದ ವಾದ.

ಜರ್ಮನಿಯಲ್ಲಿ ಸ್ಪೇಸರ್ ನಿಷಿದ್ಧವಲ್ಲ. ಪರೀಕ್ಷೆ ಪಾಸಾದ ಬಿಲ್ಲೆಗೆ ಕಾಗದ ಇರಬೇಕು, ಹಾಕಿಸಿದ ಮೇಲೆ ಅಧಿಕೃತ ತಪಾಸಣೆಯವರಿಗೆ ತೋರಿಸಿ ದಾಖಲೆ ಮಾಡಿಸಬೇಕು. ಹಾಗೆ ಮಾಡದಿದ್ದರೆ ಗಾಡಿಯ ರಸ್ತೆ ಪರವಾನಗಿಗೇ ಕುತ್ತು. ಜರ್ಮನಿಯ ಆ ತಪಾಸಣೆಯವರ ಹೆಸರು ನಮ್ಮಲ್ಲೂ ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಡಬ್ಬಿಗೆ ಪರವಾನಗಿ ಇದೆ ಎಂದು ನಂಬಬಹುದು.

ನಮ್ಮಲ್ಲಿ ತಪಾಸಣೆ ಎಂದರೆ ಗಾಡಿ ಹಳತಾದ ಮೇಲೆ ಮಾಡಿಸುವ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ಅದರ ಹಿಂದಿನ ದಿನ ಸ್ಪೇಸರ್ ಬಿಚ್ಚಿ, ಹಳೆಯ ಟೈರು ಹಾಕಿ, ಅಮಾಯಕ ಗಾಡಿಯನ್ನು ಹಾಜರುಪಡಿಸಿ, ಸಂಜೆಗೆ ಮತ್ತೆ ಸಿಗಿಸುವ ಪ್ಯಾಕೇಜು ಇದೆ. ಅದಕ್ಕೆ ಬೇರೆ ರೇಟು. ಒಂದು ದೃಷ್ಟಿಯಿಂದ ಇದು ಒಳ್ಳೆಯದೇ. ಕಾಣದ ಇಪ್ಪತ್ತು ನಟ್ಟುಗಳಿಗೆ ಯಾರಾದರೂ ಪಾನಾ ಹಚ್ಚುವುದು ಆ ನೆಪದಲ್ಲಿ ಮಾತ್ರ. ವಿಮೆಯವರದು ಇನ್ನೊಂದು ಬಗೆ. ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು ಎಲ್ಲ ಚೆನ್ನಾಗಿದೆ ಎನ್ನುತ್ತಾರೆ. ಕ್ಲೇಮ್ ಬಂದಾಗ ಬಗ್ಗಿ ನೋಡುತ್ತಾರೆ. ಬಗ್ಗಿದವರಿಗೆ ಸ್ಪೇಸರ್ ಕಾಣುತ್ತದೆ. ಮಾರ್ಪಾಡನ್ನು ಮೊದಲೇ ತಿಳಿಸಬೇಕಿತ್ತು ಎಂಬ ಷರತ್ತು ಪಾಲಿಸಿಯಲ್ಲಿ ಆಗಿನಿಂದಲೂ ಇದೆ, ಅದರ ಅಕ್ಷರ ಮಾತ್ರ ಸಣ್ಣದು.

ಕೊನೆಗೂ ಎಲ್ಲ ಮುಗಿದು ಗಾಡಿ ಒಂದು ದಿನ ಗುಡ್ಡ ನೋಡಲು ಹೊರಡುತ್ತದೆ. ಹೊರನಾಡಿನ ಹತ್ತಿರದ ಕ್ಯಾತನಮಕ್ಕಿಗೋ ಮಡಿಕೇರಿಯ ಮಾಂದಲಪಟ್ಟಿಗೋ. ಎರಡೂ ಕಡೆ ಗುಡ್ಡದ ಬುಡದಲ್ಲಿ ಬಾಡಿಗೆ ಜೀಪುಗಳು ಸಾಲಾಗಿ ನಿಂತಿರುತ್ತವೆ. ಹಳೆಯ ಮಹೀಂದ್ರಾಗಳು, ಕಂಪನಿ ಕೊಟ್ಟ ಎತ್ತರ, ಕಂಪನಿ ಕೊಟ್ಟ ಅಗಲ, ಕೆಲವದರ ಟೈರಿನಲ್ಲಿ ಗೆರೆಗಳಿರುವುದು ನೆನಪಿನಲ್ಲಿ ಮಾತ್ರ. ಹಿಂದುಗಡೆ ಎದುರುಬದುರು ಕೂತ ಪ್ರವಾಸಿಗರು ಒಬ್ಬರ ಮಂಡಿಗೆ ಇನ್ನೊಬ್ಬರು ಮಂಡಿ ಕೊಟ್ಟು ಚೀರುತ್ತಿರುವಾಗ ಚಾಲಕ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಎಲೆಅಡಿಕೆ ಹಿಡಿದು ಕಲ್ಲುಕೊರಕಲಿನಲ್ಲಿ ಜೀಪನ್ನು ಒಯ್ಯುತ್ತಾನೆ. ಯಾವ ಕಲ್ಲಿನ ಎಡಕ್ಕೆ, ಯಾವ ಕೊರಕಲಿನ ಬಲಕ್ಕೆ ಎಂದು ಅವನಿಗೆ ಗೊತ್ತು. ಇದನ್ನು ಡಬ್ಬಿಯಲ್ಲಿ ತುಂಬಿ ಮಾರುವವರು ಇನ್ನೂ ಹುಟ್ಟಿಲ್ಲ.

ಅವನು ನಮ್ಮ ಕಥಾನಾಯಕನ ಗಾಡಿಯನ್ನು ಸುತ್ತಿ ನೋಡುತ್ತಾನೆ. ಬಗ್ಗಿ ಚಕ್ರದ ಹಿಂದೆ ಇಣುಕುತ್ತಾನೆ. ಕನಿಕರದಿಂದ ಕೇಳುತ್ತಾನೆ:

“ಎಂತ ಮಾರಾಯ್ರೇ, ಚಕ್ರ ಹೊರಗೆ ಬಂದಿದೆಯಲ್ಲ? ಬೇರಿಂಗ್ ಹೋಗಿದೆಯಾ?”

ಬೇಕೆಂದೇ ಹಾಕಿಸಿದ್ದು ಎಂದು ತಿಳಿದ ಮೇಲೆ ಅವನು ಹೆಚ್ಚು ಮಾತಾಡುವುದಿಲ್ಲ. ಗಾಡಿ ಇಲ್ಲೇ ನಿಲ್ಲಿಸಿ, ಮೇಲೆ ನಮ್ಮ ಜೀಪಿನಲ್ಲೇ ಹೋಗುವಾ, ಮಳೆ ಬಂದಿದೆ, ಜಾರುತ್ತದೆ ಎನ್ನುತ್ತಾನೆ. ಕಥಾನಾಯಕ ಒಂದು ಕ್ಷಣ ಗುಡ್ಡವನ್ನು ನೋಡುತ್ತಾನೆ, ಇನ್ನೊಂದು ಕ್ಷಣ ಹೊಸ ಫ್ಲೇರನ್ನು ನೋಡುತ್ತಾನೆ. ಗೀರು ಬಿದ್ದರೆ? ಹೆಂಡತಿ ಆಗಲೇ ಜೀಪು ಹತ್ತಿ ಕೂತಾಗಿದೆ. ಎತ್ತರ ಕಡಿಮೆ ಇರುವುದರಿಂದ ಯಾರ ಕೈಯನ್ನೂ ಹಿಡಿಯದೆ ಹತ್ತಿದ್ದಾಳೆ.

ಎರಡು ವರ್ಷಕ್ಕೆ ಮಗುವಿನ ಶಾಲೆ, ಸೊಂಟನೋವು, ಹೊಸ ಎಲೆಕ್ಟ್ರಿಕ್ ಕಾರಿನ ಆಸೆ ಇವೆಲ್ಲ ಸೇರಿ ಗಾಡಿ ಮಾರಾಟಕ್ಕೆ ಬರುತ್ತದೆ. ಕೊಳ್ಳಲು ಬರುವ ಜಾಣರು ಮೊದಲು ಕೇಳುವುದು ಗಾಡಿಯನ್ನು ಎಲ್ಲೆಲ್ಲಿ ಇಳಿಸಿದ್ದೀರಿ, ಅಡಿಭಾಗ ಬಡಿಸಿದ್ದೀರಾ ಎಂದು. ಕಲ್ಲು ಮಣ್ಣಿನಲ್ಲಿ ಓಡಿಸಿದ ಗಾಡಿಗೆ ಬೆಲೆ ಬೀಳುತ್ತದೆ ಎಂಬುದು ಅಷ್ಟರಲ್ಲಿ ಅವನಿಗೂ ತಿಳಿದಿರುತ್ತದೆ. ಹಾಗಾಗಿ ಜಾಹೀರಾತನ್ನು ಎಚ್ಚರಿಕೆಯಿಂದ ಬರೆಯುತ್ತಾನೆ: ‘ಸಿಂಗಲ್ ಓನರ್. ಬೆಂಗಳೂರು ರಿಜಿಸ್ಟ್ರೇಷನ್. ಲಿಫ್ಟ್, ಫ್ಲೇರ್, ಉಕ್ಕಿನ ಬಂಪರ್ ಸಮೇತ. ಒಂದು ಸಲವೂ ಆಫ್‌ರೋಡಿಗೆ ಇಳಿಸಿಲ್ಲ. ಸ್ಪೇಸರ್ ಬೇಕಾದವರಿಗೆ ಪ್ರತ್ಯೇಕವಾಗಿ ಕೊಡಲಾಗುವುದು.’